ಪಕ್ಕದ ಕಾಯಿಯ ನಡೆ

ನ್ಯೂರೆಂಬರ್ಗ್‌ನಲ್ಲಿ ನಾವಿರುವ ಮನೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುವ ಕೋಣೆಯೊಂದಿದೆ. ಕಟ್ಟಡದ ಎಲ್ಲ ಬಾಡಿಗೆದಾರರ ವಾಷಿಂಗ್ ಮಷಿನ್‌ಗಳೂ ಅಲ್ಲೇ ಸಾಲಾಗಿ ನಿಂತಿವೆ. ಒಂದು ಶನಿವಾರ ಬೆಳಿಗ್ಗೆ ನಾನು ಬಟ್ಟೆಯ ಬುಟ್ಟಿ ಹೊತ್ತು ಕೆಳಗಿಳಿದಾಗ ಒಬ್ಬ ಹುಡುಗಿ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದಳು. ಬಿಳಿ, ಬೂದು ಟೈಲ್ಸ್‌ಗಳ ಮೇಲೆ ಶರ್ಟಿನ ಗುಂಡಿಗಳನ್ನೂ ಬಟ್ಟೆಯ ಕ್ಲಿಪ್ಪುಗಳನ್ನೂ ಅಲ್ಲೊಂದು ಇಲ್ಲೊಂದು ಇಟ್ಟುಕೊಂಡು ಒಂದು ಗುಂಡಿಯನ್ನು ಬೆರಳಲ್ಲಿ ಸರಿಸುತ್ತಿದ್ದಳು.

"ಇಲ್ಲಿಂದ ಕುದುರೆ, ಅಲ್ಲಿಂದ ಒಂಟೆ... ಊಹೂಂ, ಸಿಕ್ಹಾಕ್ಕೊಳ್ತು" ಎಂದು ತನ್ನಷ್ಟಕ್ಕೇ ಹೇಳಿಕೊಂಡಳು.

ಆ ನೆಲಮಾಳಿಗೆಯಲ್ಲಿ ಕನ್ನಡ ಕೇಳುತ್ತೇನೆಂದು ನಾನು ಎಂದೂ ಅಂದುಕೊಂಡಿರಲಿಲ್ಲ.

"ಏನ್ರಿ, ನೆಲದ ಮ್ಯಾಲೆ ಏನ್ ಹುಡುಕಾಕತ್ತೀರಿ?" ಎಂದೆ.

ಅವಳು ಗಡಬಡಿಸಿ ಎದ್ದಳು. "ಅಯ್ಯೋ, ಕನ್ನಡದವ್ರಾ ನೀವು? ಏನಿಲ್ಲ, ಮಷಿನ್ ಮುಗಿಯೋವರ್ಗೂ ಸುಮ್ನೆ ಒಂದು ಆಟ."

ಹಾಗೆ ಪರಿಚಯವಾಯಿತು. ಅವಳು ಮೈಸೂರಿನವಳು, ನನಗಿಂತ ಹತ್ತು ವರ್ಷ ಚಿಕ್ಕವಳು. ಅಲ್ಲಿ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದಳು. ಮದುವೆಯಾಗಿ ಇಲ್ಲಿಗೆ ಬಂದು ಒಂದು ಚಳಿಗಾಲ ಕಳೆದಿತ್ತಷ್ಟೆ. ಗಂಡನಿಗೆ ಕನ್ಸಲ್ಟಿಂಗ್ ಕಂಪನಿಯಲ್ಲಿ ಕೆಲಸ. ಸೋಮವಾರ ಹೋದರೆ ಗುರುವಾರ ಸಂಜೆಗೇ ಅವನು ಮನೆ ಸೇರುತ್ತಿದ್ದದ್ದು. ಇವಳು ಜರ್ಮನ್ ಕ್ಲಾಸಿಗೆ ಹೋಗುವುದು, ಬಂದು ಕೆಲಸಕ್ಕೆ ಅರ್ಜಿ ಹಾಕುವುದು, ಉತ್ತರಕ್ಕೆ ಕಾಯುವುದು. ಬಂದ ಉತ್ತರಗಳಲ್ಲೆಲ್ಲ ಎರಡನೇ ಸಾಲಿಗೇ 'ಲೈಡರ್' ಎಂಬ ಶಬ್ದ ಇರುತ್ತಿತ್ತು. 'ವಿಷಾದದಿಂದ' ಎಂದು ಅದರ ಅರ್ಥ. "ಇವತ್ತೂ ಒಂದು ಲೈಡರ್ ಬಂತು ಅಕ್ಕ" ಎಂದು, ಹಾಲಿನ ಪ್ಯಾಕೆಟ್ ಬಂತು ಅನ್ನುವ ಹಾಗೆ ಹೇಳುತ್ತಿದ್ದಳು.

ಆ ಟೈಲ್ಸ್ ಮೇಲಿನ ಆಟವನ್ನು ಅವಳು ತಾನೇ ಹುಟ್ಟಿಸಿಕೊಂಡಿದ್ದಳು. ಚದುರಂಗದ್ದೇ ಕಾಯಿಗಳು, ಆದರೆ ಎದುರಾಳಿ ಇಲ್ಲ. ಚಿಕ್ಕ ಮಣೆಯ ಒಂದು ಮೂಲೆಯಲ್ಲಿ ಒಂದು ಕಾಲಾಳು, ಅದು ಎದುರಿನ ಮೂಲೆ ಮುಟ್ಟಬೇಕು. ಕಾಲಾಳಿಗೆ ತನ್ನದೇ ಆದ ನಡೆ ಇಲ್ಲ. ಪಕ್ಕದ ಮನೆಯಲ್ಲಿ ಯಾರು ನಿಂತಿದ್ದಾರೋ ಅವರ ನಡೆಯನ್ನು ಅದು ಕಡ ತೆಗೆದುಕೊಳ್ಳುತ್ತದೆ. ಕುದುರೆಯ ಪಕ್ಕ ನಿಂತರೆ ಕುದುರೆಯಂತೆ ಹಾರಬಹುದು, ಆನೆಯ ಪಕ್ಕ ನಿಂತರೆ ನೇರ ಓಡಬಹುದು, ಒಂಟೆಯ ಪಕ್ಕ ನಿಂತರೆ ಮೂಲೆಮೂಲೆಯಾಗಿ. ಹೋಗಿ ಇಳಿದ ಕಡೆ ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಕಾಲಾಳು ಅಲ್ಲೇ ನಿಂತುಬಿಡುತ್ತದೆ. ಇಷ್ಟೇ ಆಟ. ಮಷಿನ್ ನಿಂತು ಎಷ್ಟೋ ಹೊತ್ತಾದರೂ ನಾವಿಬ್ಬರೂ ಆ ತಣ್ಣನೆ ನೆಲ ಬಿಟ್ಟು ಏಳಲಿಲ್ಲ.

ನನ್ನ ಕೆಲಸ ಕಾರಿನ ಬ್ರೇಕುಗಳ ಸಾಫ್ಟ್‌ವೇರ್ ಪರೀಕ್ಷಿಸುವುದು. ಬೇರೆಯವರು ಮಾಡಿದ್ದರಲ್ಲಿ ತಪ್ಪು ಹುಡುಕುವುದೇ ಹೊಟ್ಟೆಪಾಡಾಗಿ ವರ್ಷಗಳು ಕಳೆದಿದ್ದವು. ಧಾರವಾಡದಲ್ಲಿ ಇಂಜಿನಿಯರಿಂಗ್ ಓದುವಾಗಲೇ ಒಂದು ವಿಡಿಯೋ ಗೇಮ್ ಮಾಡಬೇಕೆಂಬ ಹುಚ್ಚಿತ್ತು. ಕೋಡ್ ಬರೆಯಲು ಬರುತ್ತಿತ್ತು, ಬರೆಯುವಂಥ ಆಟ ಮಾತ್ರ ತಲೆಗೆ ಹೊಳೆದಿರಲಿಲ್ಲ. ಆ ದಿನ ಮೆಟ್ಟಿಲು ಹತ್ತುವಾಗಲೇ ಅವಳಿಗೆ ಹೇಳಿದೆ, "ನಾಳೆ ನಮ್ಮನಿಗೆ ಬಾ. ಇದನ್ನ ಕಂಪ್ಯೂಟರ್‌ನ್ಯಾಗ ಮಾಡೋಣು."

ಇಲ್ಲಿ ಭಾನುವಾರವೆಂದರೆ ಅಂಗಡಿ ತೆರೆಯುವುದಿಲ್ಲ, ಗೋಡೆಗೆ ಮೊಳೆ ಹೊಡೆಯುವ ಹಾಗಿಲ್ಲ, ವ್ಯಾಕ್ಯೂಮ್ ಹಾಕಿದರೂ ಕೆಳಗಿನ ಮನೆಯವರು ಬಂದು ಬಾಗಿಲು ತಟ್ಟುತ್ತಾರೆ. ಆ ನಿಶ್ಶಬ್ದ ಮೊದಲೆಲ್ಲ ನನ್ನನ್ನು ಕಾಡುತ್ತಿತ್ತು. ಅವಳು ಬರತೊಡಗಿದ ಮೇಲೆ ಅದೇ ನಮಗೆ ಅನುಕೂಲವಾಯಿತು. ನಾನು ಅಡುಗೆಮನೆಯ ಮೇಜಿನ ಒಂದು ತುದಿಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಕೋಡ್ ಬರೆಯುತ್ತಿದ್ದೆ. ಇನ್ನೊಂದು ತುದಿಯಲ್ಲಿ ಅವಳು ನನ್ನ ಮಸಾಲೆ ಡಬ್ಬಿಯಿಂದ ಲವಂಗ, ಏಲಕ್ಕಿ, ಚಕ್ಕೆಯ ಚೂರು ತೆಗೆದು ಕಾಗದದ ಮೇಲೆ ಗೀಚಿದ ಚೌಕಗಳಲ್ಲಿ ಜೋಡಿಸುತ್ತಿದ್ದಳು. ಲವಂಗ ಕುದುರೆ, ಏಲಕ್ಕಿ ಒಂಟೆ, ಚಕ್ಕೆ ಆನೆ, ಒಂದು ಕಡಲೆಕಾಳು ಕಾಲಾಳು.

"ಪ್ಯಾದಿ" ಎನ್ನುತ್ತಿದ್ದೆ ನಾನು.

"ಕಾಲಾಳು ಅಕ್ಕ. ಪ್ಯಾದಿ ಅಂದ್ರೆ ಪೊಲೀಸ್ ಸ್ಟೇಷನ್ ಥರ ಕೇಳುತ್ತೆ."

ಜರ್ಮನರಿಗೆ ಅದು ರೈತ. ನಮ್ಮ ಒಂಟೆ ಅವರಿಗೆ ಓಟಗಾರ. ಆನೆಯಂತೂ ಆನೆಯೇ ಅಲ್ಲ, ಕೋಟೆಯ ಗೋಪುರ. ಇಲ್ಲಿನವರಿಗೆ ಗೊಂದಲವಾದರೂ ಆಗಲಿ, ನಾವು ಒಂಟೆಯನ್ನೂ ಆನೆಯನ್ನೂ ಬಿಡಬಾರದೆಂದು ತೀರ್ಮಾನಿಸಿದೆವು. ಆಟಕ್ಕೆಂದು ಅವಳು ಬರೆದ ಚಿತ್ರದಲ್ಲಿ ಒಂಟೆಯ ಮೂತಿ ನೋಡಿದರೆ ಎಂಥವರಿಗೂ ನಗು ಬರುತ್ತಿತ್ತು.

ಒಂದೇ ನಿಯಮದಿಂದ ಆಟ ನಿಲ್ಲುವುದಿಲ್ಲವೆಂದು ಬೇಗ ಗೊತ್ತಾಯಿತು. ಕಡಲೆಕಾಳು ಎರಡು ಲವಂಗಗಳ ನಡುವೆ ಹಿಂದಕ್ಕೂ ಮುಂದಕ್ಕೂ ಹಾರಿಕೊಂಡು ಎಷ್ಟು ಹೊತ್ತಾದರೂ ಇರಬಹುದಿತ್ತು. ಹೀಗಾದರೆ ಆಡುವವರಿಗೆ ಯಾವ ನಡೆಯೂ ಮುಖ್ಯವೆನಿಸುವುದಿಲ್ಲ. ಒಂದು ಭಾನುವಾರ ಅವಳು ಬರುತ್ತಲೇ, ಶೂಸ್ ಬಿಚ್ಚುವ ಮೊದಲೇ ಹೇಳಿದಳು:

"ಒಂದ್ಸಲ ಸಹಾಯ ಮಾಡಿದ ಕಾಯಿ ಆಮೇಲೆ ಮುಖ ತಿರುಗಿಸಿಕೊಳ್ಳುತ್ತೆ ಅಕ್ಕ. ಮತ್ತೆ ಅದರ ಹತ್ರ ಹೋಗಿ ಪ್ರಯೋಜನ ಇಲ್ಲ."

ಅದನ್ನು ಕೋಡ್‌ನಲ್ಲಿ ಹಾಕಲು ಅರ್ಧ ಗಂಟೆಯೂ ಬೇಕಾಗಲಿಲ್ಲ. ಕುದುರೆ ಮೆಲ್ಲಗೆ ಬೆನ್ನು ತಿರುಗಿಸಿದ್ದನ್ನು ಇಬ್ಬರೂ ತೆರೆಯ ಮೇಲೆ ನೋಡಿದೆವು. ಆಟ ಇದ್ದಕ್ಕಿದ್ದಂತೆ ಬಿಗಿಯಾಗಿತ್ತು. ಯಾರ ಸಹಾಯ ಯಾವಾಗ ಕೇಳಬೇಕೆಂದು ಯೋಚಿಸದೆ ಒಂದು ಹೆಜ್ಜೆಯೂ ಇಡುವಂತಿರಲಿಲ್ಲ. ಆಗ ಅವಳದೊಂದು ಹಟ ಇತ್ತು. ಹೊಸದೇನಾದರೂ ಸೇರಿಸೋಣವೆಂದು ನಾನು ಬಾಯಿ ತೆರೆದರೆ, "ಇರಿ ಅಕ್ಕ, ಹಳೇದ್ರಲ್ಲಿ ಇನ್ನೂ ಏನಾದ್ರೂ ಉಳಿದಿದ್ಯಾ ನೋಡೋಣ" ಎನ್ನುತ್ತಿದ್ದಳು. ಉಳಿದಿರುತ್ತಿತ್ತು ಕೂಡ.

ಮೊದಲು ಆಡಿ ನೋಡಿದವರು ನಮ್ಮ ಮನೆಯವರು. ಗೇರ್‌ಬಾಕ್ಸ್ ಕಂಪನಿಯಲ್ಲಿ ಇಂಜಿನಿಯರ್, ಚದುರಂಗದ ಗಂಧವೂ ಇಲ್ಲದ ಮನುಷ್ಯ. ಚಹಾದ ಕಪ್ಪು ಕೈಗೆ ಕೊಟ್ಟು ಲ್ಯಾಪ್‌ಟಾಪ್ ಮುಂದೆ ಕೂರಿಸಿದೆವು. ಒಂದು ಮಾತೂ ಹೇಳಿಕೊಡಬಾರದೆಂದು ಅವಳು ಮೊದಲೇ ಆಣೆ ಹಾಕಿಸಿಕೊಂಡಿದ್ದಳು.

ಅವರು ನೇರವಾಗಿ ಕುದುರೆಯನ್ನೇ ಹಿಡಿದು ಎಳೆದರು. "ಈ ಕುದುರಿ ಯಾಕ ಸರಿಯವಲ್ದು?"

ನನಗೆ ತಡೆಯಲಾಗಲಿಲ್ಲ, ಬಾಯಿ ತೆರೆದೆ. ಅವಳು ಮೇಜಿನ ಕೆಳಗೆ ನನ್ನ ಕಾಲು ಒತ್ತಿದಳು.

ಅವರು ಮತ್ತೆ ಎಳೆದರು, ಬಿಟ್ಟರು, ಕಾಲಾಳನ್ನು ಮುಟ್ಟಿದರು. ಅದು ಛಂಗನೆ ಹಾರಿತು. "ಅಂದ್ರ ಇದನ್ನ ಸರಸಾಂಗಿಲ್ಲ. ಇದರ ಬಾಜೂಕ ನಿಂತು ಇದರಂಗ ಹಾರಬೇಕು. ಹೌದಿಲ್ಲೋ?"

ಅವರಿಗೆ ಉತ್ತರ ಬೇಕಿರಲಿಲ್ಲ, ಆಗಲೇ ಮುಂದಿನ ಲೆವೆಲ್‌ಗೆ ಹೋಗಿದ್ದರು. ಚಹಾ ಆರಿ ಕೆನೆಗಟ್ಟಿತು. ನಾವು ಅಲ್ಲಿಯವರೆಗೆ ಮಾಡಿದ್ದ ಲೆವೆಲ್‌ಗಳನ್ನೆಲ್ಲ ಮುಗಿಸಿ, ಖಾಲಿ ತೆರೆಯನ್ನು ನೋಡುತ್ತ ಅವರು ಕೇಳಿದರು, "ಇಷ್ಟ ಏನು? ಮುಂದ ಇಲ್ಲ?"

ಅದಕ್ಕಿಂತ ದೊಡ್ಡ ಹೊಗಳಿಕೆ ನಮಗೆ ಮುಂದೆಂದೂ ಸಿಗಲಿಲ್ಲ. ಆದರೆ ಆ ಹೊತ್ತಿನಲ್ಲಿ ನಾವು ಅದನ್ನು ಹೊಗಳಿಕೆಯೆಂದು ತಿಳಿಯಲಿಲ್ಲ. ಆಟದಲ್ಲಿ ಏನೋ ಕಡಿಮೆ ಬಿದ್ದಿದೆ ಎಂದೇ ತಿಳಿದೆವು. ಅವರು ಕುದುರೆಯನ್ನು ಎಳೆದದ್ದರಿಂದ ಮಾತ್ರ ಒಂದು ಪಾಠ ಕಲಿತೆವು. ಸರಿಯದ ಕಾಯಿಗಳ ಕಾಲ ಬಳಿ ಅವಳು ಸ್ವಲ್ಪ ಹುಲ್ಲು ಬರೆದಳು. ನೆಟ್ಟ ಗಿಡದ ಹಾಗೆ ಅವು ಅಲ್ಲೇ ಬೇರೂರಿವೆ ಅನಿಸಬೇಕು. ಆಮೇಲೆ ಯಾರೂ ಎಳೆಯಲಿಲ್ಲ.

ವಸಂತದಲ್ಲಿ ಊರಿನ ಲೈಬ್ರರಿಯ ಸಭಾಂಗಣದಲ್ಲಿ ಹವ್ಯಾಸಕ್ಕೆ ಗೇಮ್ ಮಾಡುವವರದೊಂದು ಚಿಕ್ಕ ಪ್ರದರ್ಶನವಿತ್ತು. ನಮಗೂ ಒಂದು ಮೇಜು ಸಿಕ್ಕಿತು. ಮಧ್ಯಾಹ್ನದ ಹೊತ್ತಿಗೆ ಬೆಳ್ಳಿಗೂದಲಿನ ಒಬ್ಬ ಹೆಂಗಸು ಬಂದು, ಕೋಟನ್ನೂ ಬಿಚ್ಚದೆ, ನಿಂತಲ್ಲೇ ಆಡತೊಡಗಿದರು. ಅವರು ಹ್ಯಾಂಬರ್ಗ್‌ನ ಸಣ್ಣದೊಂದು ಗೇಮ್ ಪ್ರಕಾಶನ ಸಂಸ್ಥೆಯವರು. ಬಹಳ ಹೊತ್ತಿನ ಮೇಲೆ ತಲೆ ಎತ್ತಿ, "ಇದು ತುಂಬ ಸ್ಪಷ್ಟವಾಗಿದೆ" ಎಂದು ಜರ್ಮನ್‌ನಲ್ಲಿ ಹೇಳಿದರು. ಆಮೇಲೆ, "ಇದಾದ ಮೇಲೆ ಏನು?" ಎಂದು ಕೇಳಿದರು. ಜನ ಹಣ ಕೊಟ್ಟು ಕೊಳ್ಳಬೇಕಾದರೆ ಇನ್ನೂ ದೊಡ್ಡದಿರಬೇಕು, ಶರತ್ಕಾಲದ ಹೊತ್ತಿಗೆ ಬೆಳೆಸಿ ಕಳಿಸಿ, ನೋಡೋಣ ಎಂದು ತಮ್ಮ ಕಾರ್ಡು ಕೊಟ್ಟು ಹೋದರು.

ಮನೆಗೆ ಬರುವಾಗ ಯು-ಬಾನ್ ರೈಲಿನಲ್ಲಿ ಅವಳು ಆ ಕಾರ್ಡನ್ನು ಕೈಯಲ್ಲೇ ಹಿಡಿದುಕೊಂಡಿದ್ದಳು.

"ಅಕ್ಕ, ಜರ್ಮನ್ ಕ್ಲಾಸಲ್ಲಿ ಪ್ರತಿ ಸಲ ಕೇಳ್ತಾರೆ, ನೀವೇನ್ ಕೆಲಸ ಮಾಡ್ತೀರ ಅಂತ. ಇನ್ಮೇಲೆ ಗೇಮ್ ಡಿಸೈನರ್ ಅನ್ಬೋದಾ?"

"ಅನ್ನಬಹುದಲ್ಲ. ಅನ್ನು."

ಅವಳು ಕಿಟಕಿಯ ಕಡೆ ತಿರುಗಿದಳು. ಸುರಂಗದ ಕತ್ತಲೆಯ ಗಾಜಿನಲ್ಲಿ ಅವಳು ನಗುತ್ತಿದ್ದದ್ದು ನನಗೆ ಕಂಡಿತು.

ಆ ಬೇಸಿಗೆಯಿಡೀ ನಾವು ಆಟವನ್ನು ಬೆಳೆಸಿದೆವು. ಭಾನುವಾರ ಸಾಲದೆ ವಾರದ ಸಂಜೆಗಳಲ್ಲೂ ಅವಳು ಬರತೊಡಗಿದಳು. ಬರುವಾಗಲೆಲ್ಲ ಹೊಸ ನಿಯಮ ತರುತ್ತಿದ್ದಳು. ಕಾಲಿಟ್ಟರೆ ಜಾರಿಕೊಂಡು ಹೋಗುವ ಮಂಜಿನ ಚೌಕ. ಆನೆಯ ಬಲವಿದ್ದರೆ ಮಾತ್ರ ತೆರೆಯುವ ಬಾಗಿಲು. ನಾವು ಒಂದು ಹೆಜ್ಜೆ ಇಟ್ಟಾಗೆಲ್ಲ ತಾನೂ ಒಂದು ಹೆಜ್ಜೆ ಇಡುವ ರಾಜ. ಒಂದೊಂದೂ ಚೆನ್ನಾಗಿಯೇ ಇತ್ತು, ಒಂದೊಂದಕ್ಕೂ ನಾವು ಚಪ್ಪಾಳೆ ತಟ್ಟಿದ್ದೆವು. ಹಳೆಯದರಲ್ಲಿ ಏನುಳಿದಿದೆ ಎಂದು ನೋಡುವ ಮಾತು ಅವಳ ಬಾಯಲ್ಲಿ ಬರುವುದು ನಿಂತಿತ್ತು. ನನಗೂ ಅದು ತಕ್ಷಣ ಗಮನಕ್ಕೆ ಬರಲಿಲ್ಲ.

ಗಮನಕ್ಕೆ ಬಂದ ದಿನ ಒಮ್ಮೆ ಕೇಳಿದೆ. "ಸ್ವಲ್ಪ ಜಾಸ್ತಿ ಆತೇನು? ಆಡೋವ್ರು ಎಲ್ಲಾ ನೆನಪಿಟ್ಕೋಬೇಕಲ್ಲ."

"ದೊಡ್ಡದಾಗಿರ್ಬೇಕು ಅಕ್ಕ" ಎಂದಳು ಅವಳು, ಏಲಕ್ಕಿಯನ್ನು ಸರಿಸುತ್ತ. "ಚಿಕ್ಕದನ್ನ ಯಾರೂ ಕೆಲಸ ಅಂತ ಒಪ್ಪಲ್ಲ."

ಅವತ್ತು ಬೆಳಿಗ್ಗೆಯಷ್ಟೇ ಒಂದು ಲೈಡರ್ ಬಂದಿತ್ತು. ಎರಡು ಸಲ ಸಂದರ್ಶನಕ್ಕೆ ಕರೆದ ಜಾಗದಿಂದ ಬಂದದ್ದು. ನಾನು ಮತ್ತೆ ಆ ಮಾತು ಎತ್ತಲಿಲ್ಲ.

ಕಳಿಸುವ ಮೊದಲು ನಮ್ಮ ಮನೆಯವರನ್ನು ಮತ್ತೊಮ್ಮೆ ಕೂರಿಸಿದೆವು. ಈಗ ಪ್ರತಿ ಹೊಸ ನಿಯಮಕ್ಕೂ ತೆರೆಯ ಮೇಲೆ ನಾಲ್ಕು ಸಾಲಿನ ವಿವರಣೆ ಇರುತ್ತಿತ್ತು. ಅವರು ಎಲ್ಲವನ್ನೂ ಶ್ರದ್ಧೆಯಿಂದ ಓದಿದರು, ಕೆಲವು ಲೆವೆಲ್ ಆಡಿದರು, ನಡುನಡುವೆ ಚಹಾ ಕುಡಿದು ಮುಗಿಸಿದರು. ಆಮೇಲೆ "ಚೊಲೋ ಆಗೇದ" ಎಂದು ಎದ್ದು ಹೋಗಿ ಸೌತೆಕಾಯಿ ಹೆಚ್ಚತೊಡಗಿದರು.

ಹಲಗೆಯ ಮೇಲೆ ಚಾಕುವಿನ ಸದ್ದು ಕೇಳುತ್ತಿತ್ತು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡದೆ ತೆರೆಯನ್ನೇ ನೋಡಿದೆವು.

"ಭಾವಂಗೆ ಇವತ್ತು ಸುಸ್ತಾಗಿರ್ಬೇಕು" ಎಂದಳು.

"ಹೌದು, ಸುಸ್ತಾಗೇದ" ಎಂದೆ. ಅವತ್ತು ಅವರು ರಜೆ ಹಾಕಿ ಮಧ್ಯಾಹ್ನದವರೆಗೆ ಮಲಗಿದ್ದರು.

ಅಲ್ಲಿಗೇ ನಿಲ್ಲಿಸಬಹುದಿತ್ತು. ಇನ್ನೊಂದು ತಿಂಗಳು ತಡವಾದರೂ ಪರವಾಗಿಲ್ಲ, ಅರ್ಧ ತೆಗೆದುಹಾಕೋಣ ಎಂದು ಯಾರಾದರೊಬ್ಬರು ಹೇಳಿದ್ದರೆ ಸಾಕಿತ್ತು. ಇಬ್ಬರಿಗೂ ಗೊತ್ತಿತ್ತು ಅನಿಸುತ್ತದೆ. ಇಬ್ಬರೂ ಹೇಳಲಿಲ್ಲ. ಕಳಿಸಿದೆವು.

ಹ್ಯಾಂಬರ್ಗ್‌ನ ಆ ಹೆಂಗಸಿನಿಂದ ಉತ್ತರ ಬರುವಷ್ಟರಲ್ಲಿ ಮರಗಳ ಎಲೆ ಉದುರಿ ಮುಗಿದಿತ್ತು. ಅವಳು ನಮ್ಮ ಅಡುಗೆಮನೆಯಲ್ಲಿ ನಿಂತು ಫೋನಿನಲ್ಲಿ ಓದಿದಳು. ಜರ್ಮನ್ ಈಗ ಅವಳಿಗೆ ನನಗಿಂತ ಚೆನ್ನಾಗಿ ಬರುತ್ತಿತ್ತು. ಎರಡನೇ ಸಾಲಿಗೆ ನಿಲ್ಲಿಸಿ, "ಲೈಡರ್" ಎಂದು ಸ್ವಲ್ಪ ನಕ್ಕು, ಮುಂದೆ ಓದಿದಳು. ಒರಟಾದ ಉತ್ತರವೇನೂ ಅಲ್ಲ. ಲೈಬ್ರರಿಯಲ್ಲಿ ಆಡಿದ ದಿನ ರೈಲಿನಲ್ಲಿ ಊರು ಸೇರುವವರೆಗೂ ಮುಂದಿನ ನಡೆಯನ್ನೇ ಯೋಚಿಸುತ್ತಿದ್ದೆ, ಈ ಸಲ ಆಡುವಾಗ ನಿಯಮಗಳನ್ನು ಮಾತ್ರ ಯೋಚಿಸುತ್ತಿದ್ದೆ ಎಂದು ಬರೆದಿದ್ದರು. ಆ ಹಳೆಯ ಸಣ್ಣ ಆಟಕ್ಕೆ ನೀವು ಮರಳುವುದಾದರೆ ಮತ್ತೆ ನೋಡಲು ಸಂತೋಷ ಎಂದೂ ಇತ್ತು.

"ನೋಡು, ಬಾಗಿಲಾ ಮುಚ್ಚಿಲ್ಲ ಅವರು" ಎಂದೆ. "ಬರೋ ಐತ್ವಾರದಿಂದ ಒಂದೊಂದ ತಗದು ಹಾಕೋಣು."

"ಆಯ್ತು ಅಕ್ಕ, ನೋಡೋಣ" ಎಂದಳು.

ಮುಂದಿನ ಭಾನುವಾರ ಅವಳಿಗೆ ಜ್ವರ. ಅದರ ಮುಂದಿನ ವಾರ ಹೈಡೆಲ್‌ಬರ್ಗ್‌ನ ಒಂದು ಸಂಶೋಧನಾ ಸಂಸ್ಥೆಯಿಂದ ಪತ್ರ ಬಂತು. ಅಂಕಿಅಂಶ ವಿಶ್ಲೇಷಿಸುವ ಕೆಲಸ, ಕೂಡಲೇ ಸೇರಬೇಕು. ಆ ಪತ್ರದಲ್ಲಿ ಲೈಡರ್ ಎಲ್ಲೂ ಇರಲಿಲ್ಲ. ಅವಳು ಮೆಟ್ಟಿಲು ಹತ್ತಿ ಓಡಿಬಂದು ನನ್ನನ್ನು ತಬ್ಬಿಕೊಂಡಾಗ ನನಗೂ ಕಣ್ಣು ತುಂಬಿ ಬಂತು. ಗಂಡನ ಕಂಪನಿಗೆ ಅವನು ಎಲ್ಲಿದ್ದರೂ ಒಂದೇ, ಹೀಗಾಗಿ ಅವನೂ ಹೊರಟ. ಹೊಸ ವರ್ಷದ ಹೊತ್ತಿಗೆ ಅವರ ಮನೆಯ ಬೆಲ್ಲಿನ ಮೇಲೆ ಬೇರೆ ಹೆಸರು ಬಂದಿತ್ತು.

ಆ ಚಳಿಗಾಲದಲ್ಲಿ ನಾನೊಬ್ಬಳೇ ಕೂತು ನಿಯಮಗಳನ್ನು ಒಂದೊಂದಾಗಿ ತೆಗೆದೆ. ಮಂಜಿನ ಚೌಕ ಹೋಯಿತು, ಬಾಗಿಲು ಹೋಯಿತು, ರಾಜನೂ ಹೋದ. ಕೊನೆಗೆ ಆ ಹಳೆಯ ಆಟ ಮತ್ತೆ ತನ್ನ ಕಾಲ ಮೇಲೆ ನಿಂತಿತು. ಆದರೆ ಲೆವೆಲ್‌ಗಳು ಸಾಲದು, ಹೊಸದಾಗಿ ಮಾಡಬೇಕು. ನಾನು ಮಾಡಿದ ಲೆವೆಲ್‌ಗಳಿಗೆ ಜೀವ ಬರಲಿಲ್ಲ. ಅವಳು ಮಾಡಿದ್ದರಲ್ಲಿ ತಪ್ಪು ದಾರಿಯೂ ಸೊಗಸಾಗಿರುತ್ತಿತ್ತು. ಗೆದ್ದೇಬಿಟ್ಟೆ ಅನ್ನುವ ಹುಮ್ಮಸ್ಸಿನಲ್ಲಿ ಬಹಳ ದೂರ ಕರೆದುಕೊಂಡು ಹೋಗಿ, ಕೊನೆಯ ಮನೆಯಲ್ಲಿ ನಿಲ್ಲಿಸಿ, ಎಲ್ಲಿ ಎಡವಿದೆವೆಂದು ನಮ್ಮನ್ನು ನಾವೇ ಕೇಳಿಕೊಳ್ಳುವಂತೆ ಮಾಡುತ್ತಿತ್ತು. ನನ್ನದರಲ್ಲಿ ತಪ್ಪು ದಾರಿ ಮೊದಲ ಹೆಜ್ಜೆಗೇ ಗೋಡೆ. ಎಷ್ಟು ಲವಂಗ ಜೋಡಿಸಿದರೂ ಅಷ್ಟೇ.

ಲ್ಯಾಪ್‌ಟಾಪ್ ತೆಗೆದುಕೊಂಡು ಹೈಡೆಲ್‌ಬರ್ಗ್‌ಗೆ ಹೋದೆ. ಅವಳು ಪುಳಿಯೋಗರೆ ಮಾಡಿದ್ದಳು. ಕೂದಲು ಕತ್ತರಿಸಿಕೊಂಡಿದ್ದಳು, ಸ್ವಲ್ಪ ಮೈತುಂಬಿಕೊಂಡಿದ್ದಳು. ಊಟದ ನಡುವೆ ಸಹೋದ್ಯೋಗಿಯೊಬ್ಬಳ ಫೋನ್ ಬಂದಾಗ ಜರ್ಮನ್‌ನಲ್ಲಿ ಹಾಸ್ಯ ಮಾಡಿ ನಕ್ಕಳು. ನ್ಯೂರೆಂಬರ್ಗ್‌ನಲ್ಲಿ ಅವಳು ಹಾಗೆ ಗಟ್ಟಿಯಾಗಿ ನಕ್ಕಿದ್ದನ್ನು ನಾನು ಕೇಳಿದ ನೆನಪಿಲ್ಲ.

ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದು ಅವಳ ಮುಂದಿಟ್ಟೆ. ಮೊದಲ ಲೆವೆಲ್ ಆಡಿದಳು, ಎರಡನೆಯದನ್ನೂ ಆಡಿದಳು. ಆಮೇಲೆ ಮೆಲ್ಲಗೆ ಮುಚ್ಚಿದಳು.

"ಅಕ್ಕ, ಬೇಜಾರ್ ಮಾಡ್ಕೋಬೇಡಿ. ನನಗೆ ಇದನ್ನ ನೋಡೋಕಾಗಲ್ಲ."

"ಯಾಕ? ಮದಲಿನಂಗ ಚಂದ ಆಗೇದಲ್ಲ?"

"ಚೆನ್ನಾಗೇ ಇದೆ." ಅವಳು ಮುಚ್ಚಿದ ಲ್ಯಾಪ್‌ಟಾಪ್ ಮೇಲೆ ಅಂಗೈ ಇಟ್ಟುಕೊಂಡಿದ್ದಳು. "ಆದ್ರೆ ಆಗ ನಾನು ಗೇಮ್ ಮಾಡ್ತಾ ಇರ್ಲಿಲ್ಲ ಅಕ್ಕ, ಕಾಯ್ತಾ ಇದ್ದೆ. ಒಂದೊಂದು ಲೆವೆಲ್ ನೋಡಿದ್ರೂ ಅವತ್ತು ಎಲ್ಲಿಂದ ಲೈಡರ್ ಬಂದಿತ್ತು ಅಂತ ನೆನಪಾಗುತ್ತೆ. ಮಧ್ಯಾಹ್ನ ಒಬ್ಳೇ ಊಟ ಮಾಡಿದ್ದು ನೆನಪಾಗುತ್ತೆ. ಆ ದಿನಗಳು ನಂಗೆ ಬೇಡ."

ಈ ದೇಶದಲ್ಲಿ ನಾನು ಕಳೆದ ವರ್ಷಗಳಲ್ಲಿ ನನಗೆ ಸಂತೋಷವೆಂದು ನೆನಪಾಗುವುದು ಆ ಭಾನುವಾರಗಳೇ. ಮೇಜಿನ ಮೇಲಿನ ಆ ಏಲಕ್ಕಿ, ಅವಳ ಆ ಒಂಟೆ. ಅದೇ ದಿನಗಳನ್ನು ಅವಳು ದಾಟಿ ಬಂದ ಕಷ್ಟವೆಂದು ಎಣಿಸಿದ್ದಳು. ಒಂದೇ ಮೇಜಿನ ಎರಡು ತುದಿಯಲ್ಲಿ ಕೂತಿದ್ದೆವು, ಅವಳಿಗೆ ಹೇಗನಿಸುತ್ತಿದೆ ಎಂದು ನಾನು ಕೇಳಿರಲೇ ಇಲ್ಲ. ಲೈಡರ್ ಅನ್ನು ಹಾಲಿನ ಪ್ಯಾಕೆಟ್ಟಿನಂತೆ ಹೇಳುತ್ತಿದ್ದಳಲ್ಲ, ಅದು ಅಷ್ಟೇ ಹಗುರವೆಂದು ನಂಬಿದ್ದೆ.

"ನೀವು ಇಂಟರ್ನೆಟ್‌ನಲ್ಲಿ ಎಲ್ಲಾದ್ರೂ ಹಾಕ್ಬಿಡಿ ಅಕ್ಕ, ಜನ ಆಡ್ಲಿ. ನನ್ನ ಹೆಸರು ಬೇಡ" ಎಂದಳು.

"ನಿನ್ನ ಹೆಸರಿಲ್ಲದ ಹೆಂಗ ಹಾಕಲಿ? ಆಟ ನಿಂದು."

"ಸರಿ, ಆಮೇಲೆ ನೋಡೋಣ."

ಸಂಜೆ ಟ್ರಾಮ್ ಸ್ಟಾಪಿನವರೆಗೆ ಬಂದಳು. ದಾರಿಯಲ್ಲಿ ಅವಳ ಕೆಲಸದ ಬಗ್ಗೆ ಕೇಳಿದೆ. ಔಷಧದ ಪರೀಕ್ಷೆಗಳ ಅಂಕಿಗಳನ್ನು ಹೇಗೆ ಜರಡಿ ಹಿಡಿಯುತ್ತಾರೆಂದು ಕೈಯಾಡಿಸುತ್ತ ವಿವರಿಸಿದಳು. ಅರ್ಧ ಅರ್ಥವಾಯಿತು, ಅರ್ಧ ಆಗಲಿಲ್ಲ. ಸ್ಟಾಪಿನಲ್ಲಿ ನಿಂತಾಗ ಅವಳೇ ಒಂದು ಮಾತು ಕೇಳಿದಳು.

"ನಿಮಗೆ ಆ ಆಟ ನಿಜವಾಗ್ಲೂ ಅಷ್ಟು ಇಷ್ಟ ಇತ್ತಾ ಅಕ್ಕ?"

"ಹೌದು. ಯಾಕ ಹಂಗ ಕೇಳ್ತಿ?"

"ನಾನು ಒಬ್ಳೇ ಇರ್ತೀನಿ ಅಂತ ನನಗೋಸ್ಕರ ಟೈಮ್ ಕೊಡ್ತಾ ಇದೀರ ಅಂದ್ಕೊಂಡಿದ್ದೆ. ಅದಕ್ಕೇ ಬರೋವಾಗೆಲ್ಲ ಏನಾದ್ರೂ ಹೊಸದು ತರ್ಬೇಕು ಅನಿಸ್ತಿತ್ತು. ಬರಿಗೈಯಲ್ಲಿ ಬಂದ್ರೆ ಇನ್ನೊಂದ್ಸಲ ಕರೀತೀರೋ ಇಲ್ವೋ ಅಂತ."

ನಾನು ಅವಳ ಕೈ ಹಿಡಿದುಕೊಂಡೆ. ಅವಳು ಏನೂ ತರದೆ ಬಂದು ಸುಮ್ಮನೆ ಕೂತಿದ್ದರೂ ನಾನು ಕರೆಯುತ್ತಿದ್ದೆ. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಟ್ರಾಮ್ ಬಂತು. ಅವಳು ನನ್ನ ಬ್ಯಾಗನ್ನು ಎತ್ತಿ ಒಳಗಿಟ್ಟಳು, ಬಾಗಿಲು ಮುಚ್ಚಿತು. ರೈಲಿನಲ್ಲಿ ಕೂತು ಅದನ್ನೇ ಫೋನಿನಲ್ಲಿ ಬರೆದೆ, ಅಕ್ಷರದಲ್ಲಿ ನೋಡಿದರೆ ಅದು ಬರೀ ಸಮಾಧಾನದ ಮಾತಾಗಿ ಕಂಡಿತು. ಅಳಿಸಿ, 'ಪುಳಿಯೋಗರೆ ಭಾಳ ಚೊಲೋ ಆಗಿತ್ತು' ಎಂದು ಕಳಿಸಿದೆ.

ಅವಳು ಹಬ್ಬಗಳಿಗೆ ಫೋನ್ ಮಾಡುತ್ತಾಳೆ. ನಾನೂ ಮಾಡುತ್ತೇನೆ. ಆಟವನ್ನು ಇನ್ನೂ ಎಲ್ಲೂ ಹಾಕಿಲ್ಲ. ಹ್ಯಾಂಬರ್ಗ್‌ನವರಿಗೆ ಬರೆಯಲಿಲ್ಲ, ಬರೆಯುವ ಕಾಲವೂ ಈಗ ದಾಟಿಹೋಗಿದೆ. ನಮ್ಮ ಮನೆಯವರು ಒಮ್ಮೊಮ್ಮೆ ಮಳೆ ಹಿಡಿದ ಭಾನುವಾರ, "ಆ ಪ್ಯಾದಿ ಆಟ ಹಚ್ಚಿಕೊಡು" ಅನ್ನುತ್ತಾರೆ. ಹಚ್ಚಿಕೊಟ್ಟು ನಾನು ಒಳಗೆ ಹೋಗಿ ಬಟ್ಟೆ ಮಡಚುತ್ತೇನೆ. ಅವರು ಯಾವ ಲೆವೆಲ್‌ನಲ್ಲಿದ್ದಾರೆ, ಎಲ್ಲಿ ಸಿಕ್ಕಿಕೊಳ್ಳುತ್ತಾರೆ ಎಂದು ಅವರ ಗೊಣಗಾಟ ಕೇಳಿಯೇ ನನಗೆ ಅಲ್ಲಿಂದ ಗೊತ್ತಾಗುತ್ತದೆ.